ಇಂಟರಪ್ಟ್‌ಗೆ ಹೆದರಿದ ಪ್ರೋಗ್ರಾಮರ್

ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಅವರನ್ನ ಡಿಜ್‌ಕ್‌ಸ್ಟ್ರಾ ಅಂತಾರೆ. ಇನ್ನರ್ಧ ಜನ ಹೆಸರಿನ ತಂಟೆಗೇ ಹೋಗದೆ ಶಾರ್ಟೆಸ್ಟ್ ಪಾತ್ ಅಲ್ಗಾರಿದಮ್ ಅಂತ ಹೇಳಿ ಪಾರಾಗ್ತಾರೆ. ವೈವಾದಲ್ಲಿ ಈ ಹೆಸರು ಬಂದಾಗ ನಾನೂ ತೊದಲಿದ್ದೇನೆ. ಡಚ್ ಭಾಷೆಯಲ್ಲಿ ಐ ಮತ್ತು ಜೆ ಅಕ್ಷರಗಳು ಜೊತೆಯಾಗಿ ಬಂದ್ರೆ ಉಚ್ಚಾರಣೆ ಹೆಚ್ಚುಕಮ್ಮಿ ನಮ್ಮ ಐ ಥರಾನೇ. ಹಾಗಾಗಿ ಅವರು ಎಡ್ಸ್‌ಗರ್ ಡೈಕ್‌ಸ್ಟ್ರಾ.

ಆದ್ರೆ ಈ ಲೇಖನ ಆ ಅಲ್ಗಾರಿದಮ್ ಬಗ್ಗೆ ಅಲ್ಲ. ಹೋದ ಸೆಮಿಸ್ಟರಿನಲ್ಲಿ ನಾನು ಲಿನಕ್ಸ್ ಕರ್ನಲ್‌ಗೆ ಒಂದು ಪುಟ್ಟ ನೆಟ್‌ವರ್ಕ್ ಡ್ರೈವರ್ ಬರೆದೆ. ನಿಜವಾದ ಕಾರ್ಡ್‌ಗೂ ಅಲ್ಲ, ವರ್ಚುವಲ್ ಮೆಷೀನ್ ತೋರಿಸೋ ನಕಲಿ ಕಾರ್ಡ್‌ಗೆ. ಲೋಡ್ ಮಾಡಿದ್ರೆ ಕೆಲಸ ಮಾಡ್ತಿತ್ತು, ಪಿಂಗ್ ಹೋಗಿ ಬರ್ತಿತ್ತು. ಅನ್‌ಲೋಡ್ ಮಾಡಿದಾಗ ಸುಮಾರು ಸಲ ಏನೂ ತೊಂದರೆ ಇಲ್ಲ. ಯಾವಾಗಲೋ ಒಂದು ಸಲ ಮಾತ್ರ ಇಡೀ ಮೆಷೀನ್ ಕುಸಿದು ಬೀಳ್ತಿತ್ತು. ಯಾಕೆ ಅಂತ ನೋಡೋಕೆ ಪ್ರಿಂಟ್ ಸಾಲು ಸೇರಿಸಿದ್ರೆ ತಪ್ಪು ಮಾಯ. ಆ ಸಾಲು ತೆಗೆದ್ರೆ ಎರಡು ದಿನ ಬಿಟ್ಟು ಮತ್ತೆ ಹಾಜರ್. ಡೆಮೋ ದಿನ ಬೆಳಗ್ಗೆ ಹತ್ತು ಸಲ ಓಡಿಸಿದೆ, ಹತ್ತೂ ಸಲ ಸರಿಯಾಗಿತ್ತು. ಮೇಡಂ ಮುಂದೆ ಹನ್ನೊಂದನೇ ಸಲವೂ ಸರಿಯಾಗಿತ್ತು. ಮಾರ್ಕ್ಸ್ ಬಂತು. ತಪ್ಪು ಒಳಗೇ ಕೂತಿದೆ ಅಂತ ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ.

ಆಮೇಲೆ ಆ ತಪ್ಪನ್ನ ಹುಡುಕಿಕೊಂಡು ಓದ್ತಾ ಹೋದಾಗ ತಿಳೀತು, ಇದೇ ಥರದ ತಪ್ಪಿಗೆ 1950ರ ದಶಕದಲ್ಲೇ ಒಬ್ಬರು ಮನಸ್ಸಾರೆ ಹೆದರಿದ್ದರು ಅಂತ. ಅವರ ಬದುಕಿನ ದೊಡ್ಡ ಭಾಗ ಆ ಹೆದರಿಕೆಗೆ ಉತ್ತರ ಹುಡುಕೋದ್ರಲ್ಲೇ ಹೋಯ್ತು. ಅವರೇ ಈ ಡೈಕ್‌ಸ್ಟ್ರಾ.

ಫಾರ್ಮಿನಲ್ಲಿ ಇಲ್ಲದ ವೃತ್ತಿ

ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ. ತಂದೆ ರಸಾಯನಶಾಸ್ತ್ರದ ಮೇಷ್ಟ್ರು. ತಾಯಿ ಗಣಿತ ಓದಿದವರು, ಆದ್ರೆ ಯಾವತ್ತೂ ಹೊರಗೆ ಕೆಲಸಕ್ಕೆ ಹೋದವರಲ್ಲ. ಹುಡುಗನಿಗೆ ಹತ್ತು ವರ್ಷ ತುಂಬಿ ಮೂರೇ ದಿನಕ್ಕೆ, 1940ರ ಮೇ 14ರಂದು, ಜರ್ಮನ್ ವಿಮಾನಗಳು ರಾಟರ್‌ಡ್ಯಾಮ್ ನಗರದ ಮಧ್ಯಭಾಗದ ಮೇಲೆ ಬಾಂಬ್ ಹಾಕಿ ಸುಟ್ಟುಬಿಟ್ಟವು. ಯುದ್ಧದ ನೆರಳಲ್ಲಿ ಬೆಳೆದ ಆ ಹುಡುಗನಿಗೆ ಕಾನೂನು ಓದಿ ವಿಶ್ವಸಂಸ್ಥೆಯಲ್ಲಿ ತನ್ನ ದೇಶದ ಪರ ಕೆಲಸ ಮಾಡೋ ಆಸೆ ಇತ್ತಂತೆ. ಆದ್ರೆ ಶಾಲೆಯಲ್ಲಿ ಗಣಿತ, ವಿಜ್ಞಾನದ ಅಂಕಗಳು ತುಂಬಾ ಚೆನ್ನಾಗಿ ಬಂದವು. 1948ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಸೇರಿ ಭೌತಶಾಸ್ತ್ರ ಹಿಡಿದರು.

1951ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮೂರು ವಾರಗಳ ಪ್ರೋಗ್ರಾಮಿಂಗ್ ಕೋರ್ಸ್ ಇದೆ ಅನ್ನೋ ಜಾಹೀರಾತು ಅವರ ತಂದೆಯ ಕಣ್ಣಿಗೆ ಬಿತ್ತು. ಮಾರಿಸ್ ವಿಲ್ಕ್ಸ್ ನಡೆಸ್ತಿದ್ದ ಕೋರ್ಸ್ ಅದು. ಭೌತಶಾಸ್ತ್ರದ ಲೆಕ್ಕಗಳಿಗೆ ಉಪಯೋಗ ಆಗುತ್ತೆ ಅಂತ ಮಗ ಹೋಗಿ ಬಂದರು. ಅದರಿಂದಾಗಿ ಆಮ್‌ಸ್ಟರ್‌ಡ್ಯಾಮ್‌ನ ಮ್ಯಾಥಮ್ಯಾಟಿಕಲ್ ಸೆಂಟರ್‌ನಲ್ಲಿ ಕಂಪ್ಯೂಟಿಂಗ್ ವಿಭಾಗ ನೋಡಿಕೊಳ್ತಿದ್ದ ಆಡ್ರಿಯಾನ್ ಫಾನ್ ವೈನ್‌ಹಾರ್ಡನ್ ಅವರಿಂದ ಕೆಲಸದ ಕರೆ ಬಂತು. 1952ರ ಮಾರ್ಚ್‌ನಲ್ಲಿ ಸೇರಿದರು. ಆ ದೇಶದಲ್ಲಿ ಪ್ರೋಗ್ರಾಮರ್ ಅಂತ ಕೆಲಸ ಸಿಕ್ಕ ಮೊದಲನೆಯವರು ಅವರೇ.

ಅವರಿಗೂ ನಮ್ಮ ಹಾಗೆ ಗೊಂದಲ ಇತ್ತು. ಭೌತಶಾಸ್ತ್ರ ಅಂದ್ರೆ ಜನ ಗೌರವ ಕೊಡ್ತಾರೆ, ಪ್ರೋಗ್ರಾಮಿಂಗ್ ಅಂದ್ರೆ ಅದೇನು ಅಂತಾನೇ ಯಾರಿಗೂ ಗೊತ್ತಿಲ್ಲ. ಆ ಕೆಲಸಕ್ಕೆ ಆಧಾರವಾಗೋ ವಿದ್ಯೆ ಎಲ್ಲಿದೆ ಅಂತ ತಮ್ಮ ಬಾಸ್ ಹತ್ತಿರವೇ ಕೇಳಿದರು. ಕಂಪ್ಯೂಟರ್‌ಗಳು ಇನ್ಮೇಲೆ ಇರೋದಂತೂ ಖಂಡಿತ, ಆ ವಿದ್ಯೆಯನ್ನ ಕಟ್ಟೋರಲ್ಲಿ ನೀನೂ ಒಬ್ಬ ಯಾಕಾಗಬಾರದು ಅನ್ನೋ ಅರ್ಥದ ಉತ್ತರ ಸಿಕ್ತು. ಆ ಮಾತುಕತೆ ಮುಗಿಸಿ ಹೊರಗೆ ಬರೋ ಹೊತ್ತಿಗೆ ದಾರಿ ತೀರ್ಮಾನವಾಗಿತ್ತು. 1957ರಲ್ಲಿ ರಿಯಾ ಡೆಬೆಟ್ಸ್ ಅವರನ್ನ ಮದುವೆಯಾದಾಗ ನೋಂದಣಿ ಫಾರ್ಮಿನಲ್ಲಿ ವೃತ್ತಿ ಅನ್ನೋ ಜಾಗದಲ್ಲಿ ಪ್ರೋಗ್ರಾಮರ್ ಅಂತ ಬರೆದರು. ಅಂಥ ವೃತ್ತಿಯೇ ಇಲ್ಲ ಅಂತ ಆಮ್‌ಸ್ಟರ್‌ಡ್ಯಾಮ್‌ನ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ಸೈದ್ಧಾಂತಿಕ ಭೌತಶಾಸ್ತ್ರಜ್ಞ ಅಂತ ಬರೆದು ಮದುವೆಯಾಗಬೇಕಾಯ್ತು.

ನಾವು ಪರೀಕ್ಷೆಗೆ ಓದೋ ಶಾರ್ಟೆಸ್ಟ್ ಪಾತ್ ಹುಟ್ಟಿದ್ದೂ ಆ ದಿನಗಳಲ್ಲೇ, 1956ರಲ್ಲಿ. ಆರ್ಮ್ಯಾಕ್ ಅನ್ನೋ ಹೊಸ ಕಂಪ್ಯೂಟರನ್ನ ಸಾಮಾನ್ಯ ಜನರಿಗೆ ತೋರಿಸೋಕೆ, ಎಲ್ಲರಿಗೂ ಅರ್ಥವಾಗೋ ಒಂದು ಲೆಕ್ಕ ಬೇಕಿತ್ತು. 64 ಊರುಗಳ ನಕ್ಷೆಯಲ್ಲಿ ಹತ್ತಿರದ ದಾರಿ ಹುಡುಕೋದು ಅಂತಾಯ್ತು. ರಿಯಾ ಜೊತೆ ಪೇಟೆ ಸುತ್ತಿ ಸುಸ್ತಾಗಿ ಕಾಫಿಗೆ ಕೂತಾಗ, ಪೇಪರ್ ಪೆನ್ಸಿಲ್ ಇಲ್ಲದೆ ಸುಮಾರು ಇಪ್ಪತ್ತು ನಿಮಿಷದಲ್ಲಿ ಅದನ್ನ ಯೋಚಿಸಿದರು. ಇವತ್ತು ರೂಟರ್‌ಗಳಲ್ಲಿ ಓಎಸ್‌ಪಿಎಫ್ ಪ್ರೋಟೋಕಾಲ್ ಪ್ಯಾಕೆಟ್‌ಗೆ ದಾರಿ ಹುಡುಕೋದು ಇದೇ ವಿಧಾನದಿಂದ.

ಆದ್ರೆ ಪ್ಯಾಕೆಟ್ ಬಂತು ಅಂತ ಪ್ರೊಸೆಸರ್‌ಗೆ ತಿಳಿಸೋರು ಯಾರು? ಅಲ್ಲಿಂದ ನಮ್ಮ ಕಥೆ.

ಎಕ್ಸ್1 ತಂದ ತಲೆನೋವು

ಮ್ಯಾಥಮ್ಯಾಟಿಕಲ್ ಸೆಂಟರ್‌ನಲ್ಲಿ ಯಂತ್ರ ಕಟ್ಟೋರು ಬ್ರಾಮ್ ಲೂಪ್‌ಸ್ಟ್ರಾ ಮತ್ತು ಕಾರೆಲ್ ಸ್ಕೋಲ್ಟನ್. ಯಂತ್ರ ಇನ್ನೂ ತಯಾರಾಗ್ತಿರುವಾಗಲೇ ಅದಕ್ಕೆ ಬೇಕಾದ ಮೂಲ ಪ್ರೋಗ್ರಾಮ್ ಬರೆಯೋರು ಡೈಕ್‌ಸ್ಟ್ರಾ. ಹಿಂದಿನ ಯಂತ್ರಗಳಲ್ಲಿ ಒಂದು ಟೈಪ್‌ರೈಟರ್ ಅಕ್ಷರ ಒತ್ತಿ ಮುಗಿಸೋವರೆಗೂ ಇಡೀ ಕಂಪ್ಯೂಟರ್ ಕಾಯ್ತಾ ಕೂರಬೇಕಿತ್ತು. ಅದು ನಷ್ಟ. ಹೊಸ ಎಕ್ಸ್1 ಯಂತ್ರದಲ್ಲಿ ಹಾಗಾಗಬಾರದು, ಸಾಧನಕ್ಕೆ ಬೇಕಾದಾಗ ಅದೇ ಬಂದು ಪ್ರೊಸೆಸರನ್ನ ತಡೆದು ಕರೀಲಿ ಅಂತ ಗೆಳೆಯರಿಬ್ಬರೂ ಯೋಚಿಸಿದರು. ಅದೇ ಇಂಟರಪ್ಟ್.

ಡೈಕ್‌ಸ್ಟ್ರಾಗೆ ಇದು ಕೇಳಿ ಖುಷಿ ಆಗಲಿಲ್ಲ, ಗಾಬರಿ ಆಯ್ತು. ಅಲ್ಲಿಯವರೆಗೆ ಒಂದೇ ಪ್ರೋಗ್ರಾಮ್‌ಗೆ ಒಂದೇ ಇನ್‌ಪುಟ್ ಕೊಟ್ರೆ ಪ್ರತಿ ಸಲವೂ ಒಂದೇ ಥರ ಓಡ್ತಿತ್ತು. ತಪ್ಪಿದ್ರೆ ಮತ್ತೆ ಓಡಿಸಿ ಹಿಡೀಬಹುದಿತ್ತು. ಈಗ ಯಾವ ಎರಡು ಇನ್‌ಸ್ಟ್ರಕ್ಷನ್ ನಡುವೆ ಬೇಕಾದ್ರೂ ಹೊರಗಿನವರು ನುಗ್ಗಬಹುದು. ಒಮ್ಮೆ ಕಂಡ ತಪ್ಪು ಮತ್ತೆ ಕಾಣೋ ಗ್ಯಾರಂಟಿ ಇಲ್ಲ. ಇದು ಎಷ್ಟು ದೊಡ್ಡ ಸಂಗತಿ ಅಂತ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಹತ್ತು ಹೆಜ್ಜೆಗಳ ಒಂದು ಪ್ರೋಗ್ರಾಮ್, ಹತ್ತು ಹೆಜ್ಜೆಗಳ ಇನ್ನೊಂದು. ಎರಡೂ ತಮ್ಮ ತಮ್ಮ ಕ್ರಮ ಬಿಡದೆ ಒಂದರೊಳಗೊಂದು ಸೇರಿ ಓಡಬಹುದಾದ ರೀತಿಗಳು 1,84,756. ನಾನು ಡೆಮೋ ದಿನ ನೋಡಿದ್ದು ಹನ್ನೊಂದು ಓಟ.

ಕೆಲವು ತಿಂಗಳು ಅವರು ಈ ತೀರ್ಮಾನವನ್ನ ಮುಂದಕ್ಕೆ ತಳ್ಳಿದರು. ಗೆಳೆಯರು ಬಿಡಲಿಲ್ಲ, ಇದನ್ನ ಮಾಡೋಕೆ ನಿನ್ನಿಂದ ಆಗುತ್ತೆ ಅಂತ ಹುರಿದುಂಬಿಸಿದರು. ಕೊನೆಗೆ ಒಪ್ಪಿಕೊಂಡರು. ಆದ್ರೆ ಹೇಗೋ ಬರೆದು, ಓಡಿಸಿ, ನೋಡಿ, ತಿದ್ದಿದರಾಯ್ತು ಅನ್ನೋ ದಾರಿ ಇಲ್ಲಿ ನಡೆಯಲ್ಲ ಅಂತ ಅವರಿಗೆ ಸ್ಪಷ್ಟವಾಗಿತ್ತು. ಇಂಟರಪ್ಟ್ ಬಂದಾಗ ನಡೀತಿದ್ದ ಪ್ರೋಗ್ರಾಮ್‌ನ ಸ್ಥಿತಿಯನ್ನೆಲ್ಲ ಎತ್ತಿಟ್ಟು, ಆಮೇಲೆ ಒಂದಿಷ್ಟೂ ವ್ಯತ್ಯಾಸ ಇಲ್ಲದೆ ವಾಪಸ್ ಕೊಡಬೇಕು. ನಾಜೂಕಾದ ಕೆಲಸ ನಡೆಯೋವಾಗ ಇಂಟರಪ್ಟನ್ನ ಬಾಗಿಲಾಚೆ ನಿಲ್ಲಿಸೋಕೂ ಬರಬೇಕು. ಇದನ್ನೆಲ್ಲ ಕೂತು ಯೋಚಿಸಿ ಎಕ್ಸ್1ಗೆ ಇಂಟರಪ್ಟ್ ಹ್ಯಾಂಡ್ಲರ್ ಬರೆದರು. 1959ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್‌ಡಿ ಕೊಟ್ಟಿದ್ದು ಈ ಕೆಲಸಕ್ಕೆ, ನಾವು ಅಂದ್ಕೊಂಡಿರೋ ಹಾಗೆ ಶಾರ್ಟೆಸ್ಟ್ ಪಾತ್‌ಗೆ ಅಲ್ಲ.

ಮರುವರ್ಷ ಯಾಪ್ ಜೋನೆವೆಲ್ಡ್ ಜೊತೆ ಸೇರಿ ಅದೇ ಎಕ್ಸ್1ಗೆ ಆಲ್ಗಾಲ್ 60 ಭಾಷೆಯ ಕಂಪೈಲರ್ ಮುಗಿಸಿದರು. ಕೆಲಸ ಮುಗಿಯೋವರೆಗೂ ಗಡ್ಡ ತೆಗೆಯಲ್ಲ ಅಂತ ಇಬ್ಬರೂ ಹರಕೆ ಹೊತ್ತಿದ್ದರಂತೆ. ಮುಗಿದ ಮೇಲೆ ಜೋನೆವೆಲ್ಡ್ ಗಡ್ಡ ತೆಗೆದರು, ಡೈಕ್‌ಸ್ಟ್ರಾ ಉಳಿಸಿಕೊಂಡರು. ಫೋಟೋಗಳಲ್ಲಿ ನಾವು ನೋಡೋ ಗಡ್ಡ ಅದು.

ರೈಲ್ವೆ ಸಿಗ್ನಲ್ಲಿನಿಂದ ಬಂದ ಉಪಾಯ

1962ರಲ್ಲಿ ಡೈಕ್‌ಸ್ಟ್ರಾ ಐಂಡ್‌ಹೋವನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರೊಫೆಸರ್ ಆದರು. ಎಕ್ಸ್1 ಕಾಲದ ಪ್ರಶ್ನೆ ತಲೆಯಲ್ಲೇ ಇತ್ತು. ಒಟ್ಟೊಟ್ಟಿಗೆ ಓಡೋ ಹಲವು ಪ್ರೋಗ್ರಾಮ್‌ಗಳು ಒಂದೇ ವಸ್ತುವನ್ನ ಮುಟ್ಟೋದಾದ್ರೆ, ಒಂದು ಸಲಕ್ಕೆ ಒಬ್ಬರೇ ಮುಟ್ಟೋ ಹಾಗೆ ಮಾಡೋದು ಹೇಗೆ? ಇಬ್ಬರಿದ್ದಾಗ ಏನು ಮಾಡಬೇಕು ಅನ್ನೋದಕ್ಕೆ ಡೆಕ್ಕರ್ ಅನ್ನೋ ಡಚ್ ಗಣಿತಜ್ಞರು ಉತ್ತರ ಕೊಟ್ಟಿದ್ದರು. ಎಷ್ಟು ಜನ ಇದ್ರೂ ನಡೆಯೋ ಉತ್ತರವನ್ನ ಡೈಕ್‌ಸ್ಟ್ರಾ 1965ರಲ್ಲಿ ಒಂದೇ ಪುಟದಷ್ಟು ಲೇಖನದಲ್ಲಿ ಪ್ರಕಟಿಸಿದರು.

ಅದಕ್ಕಿಂತ ಸರಳವಾದ ಸಾಧನವನ್ನೂ ಅವರು ಕೊಟ್ಟರು, ಅದು ಸೆಮಫೋರ್. ರೈಲು ಹಳಿ ಪಕ್ಕದಲ್ಲಿ ಕೈ ಎತ್ತಿ ಇಳಿಸೋ ಹಳೇ ಸಿಗ್ನಲ್ ಕಂಬಕ್ಕೆ ಇರೋ ಹೆಸರು ಅದು. ಒಂದು ಎಣಿಕೆ, ಅದರ ಮೇಲೆ ಎರಡೇ ಕ್ರಿಯೆ. ಪಿ ಅಂದ್ರೆ ಎಣಿಕೆ ಇದ್ರೆ ಒಂದು ಕಡಿಮೆ ಮಾಡಿ ಒಳಗೆ ಹೋಗು, ಸೊನ್ನೆ ಇದ್ರೆ ಕಾಯಿ. ವಿ ಅಂದ್ರೆ ಎಣಿಕೆ ಒಂದು ಹೆಚ್ಚಿಸು, ಕಾಯೋರಿದ್ರೆ ಒಬ್ಬರನ್ನ ಬಿಡು. ಈ ಎರಡಕ್ಷರ ಡಚ್ ಪದಗಳಿಂದ ಬಂದಿದ್ದು. ಲಿನಕ್ಸ್ ಕರ್ನಲ್‌ನಲ್ಲಿ ಇವತ್ತಿಗೂ ಇವು ಡೌನ್ ಮತ್ತು ಅಪ್ ಅನ್ನೋ ಹೆಸರಲ್ಲಿ ಬದುಕಿವೆ.

ನನಗೆ ಸೆಮಫೋರ್‌ಗಿಂತ ಮುಖ್ಯ ಅನ್ನಿಸಿದ್ದು ಅದರ ಹಿಂದೆ ಅವರು ಹಾಕಿಕೊಂಡ ಒಂದು ಷರತ್ತು. ಯಾರು ಎಷ್ಟು ವೇಗವಾಗಿ ಓಡ್ತಾರೆ ಅನ್ನೋದರ ಬಗ್ಗೆ ಏನನ್ನೂ ಊಹಿಸಬಾರದು. ಒಬ್ಬ ಬೇಗ ಬರ್ತಾನೆ, ಇನ್ನೊಬ್ಬ ಅಷ್ಟೊತ್ತಿಗೆ ಮುಗಿಸಿರ್ತಾನೆ ಅನ್ನೋ ನಂಬಿಕೆ ಮೇಲೆ ಪ್ರೋಗ್ರಾಮ್ ನಿಂತಿದ್ರೆ ಅದು ಸರಿಯಾದ ಪ್ರೋಗ್ರಾಮ್ ಅಲ್ಲ.

ಇದು ಓದಿದಾಗ ನನ್ನ ಮುಖ ಸಣ್ಣಗಾಯ್ತು. ಯಾಕೆ ಅಂತ ಹೇಳೋಕೆ ನನ್ನ ಡ್ರೈವರ್ ಒಳಗೆ ಏನಾಗ್ತಿತ್ತು ಅಂತ ಹೇಳಬೇಕು. ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಒಬ್ಬರು ಸಾರಿನ ಬಕೆಟ್ ಹಿಡಿದು ಬಡಿಸ್ತಾ ಬರ್ತಿದ್ದಾರೆ. ಅವರ ತಲೆಯಲ್ಲಿ ಇರೋದು, ಮೂರನೇ ಸಾಲಿನ ಐದನೇ ಎಲೆಗೆ ಸಾರು ಬೇಕು ಅನ್ನೋದಷ್ಟೇ. ಅಷ್ಟರಲ್ಲಿ ಎಲೆ ಎತ್ತೋರು ಬಂದು ಆ ಎಲೆ ಎತ್ತಿ, ಅದೇ ಜಾಗದಲ್ಲಿ ಮುಂದಿನ ಪಂಕ್ತಿಯವರ ಪಾಯಸದ ಎಲೆ ಹಾಕಿದ್ದಾರೆ. ಬಡಿಸೋರು ತಲೆ ಎತ್ತಿ ನೋಡದೆ ಒಂದು ಸೌಟು ಸಾರು ಹಾಕೇಬಿಟ್ರು.

ನನ್ನ ಡ್ರೈವರ್‌ನಲ್ಲಿ ಕಾರ್ಡಿನ ವಿವರಗಳೆಲ್ಲ ಇರೋ ಒಂದು ಸ್ಟ್ರಕ್ಚರ್ ಇತ್ತು. ಒಂದು ಟೈಮರ್ ಆಗಾಗ ಎದ್ದು ಲಿಂಕ್ ಇದೆಯಾ ಅಂತ ನೋಡಿ, ಉಳಿದ ಕೆಲಸವನ್ನ ವರ್ಕ್ ಕ್ಯೂಗೆ ಹಾಕ್ತಿತ್ತು. ಡ್ರೈವರ್ ತೆಗೆಯೋವಾಗ ನಾನು ಆ ಸ್ಟ್ರಕ್ಚರ್‌ನ ಮೆಮೊರಿಯನ್ನ ಫ್ರೀ ಮಾಡ್ತಿದ್ದೆ. ಅದೇ ಕ್ಷಣದಲ್ಲಿ ಇನ್ನೊಂದು ಕೋರ್‌ನಲ್ಲಿ ಟೈಮರ್ ಕೆಲಸ ನಡೀತಿದ್ರೆ, ಅದು ಫ್ರೀ ಆದ ಮೆಮೊರಿಗೆ ಬರೀತಿತ್ತು. ಅಷ್ಟರಲ್ಲಿ ಕರ್ನಲ್ ಆ ಜಾಗವನ್ನ ಬೇರೆ ಯಾರಿಗೋ ಕೊಟ್ಟಿರಬಹುದು. ಇದಕ್ಕೆ ಯೂಸ್ ಆಫ್ಟರ್ ಫ್ರೀ ಅಂತಾರೆ. ಕರ್ನಲ್ ಒಳಗೆ ಎಲ್ಲರಿಗೂ ಪೂರ್ತಿ ಅಧಿಕಾರ ಇರೋದ್ರಿಂದ ಇದು ಬರೀ ಕ್ರ್ಯಾಶ್ ವಿಷಯ ಅಲ್ಲ. ಆ ಜಾಗದಲ್ಲಿ ಏನು ಬಂದು ಕೂರುತ್ತೆ ಅನ್ನೋದನ್ನ ಯಾರಾದ್ರೂ ಬೇಕಂತಲೇ ನಿಯಂತ್ರಿಸಿದ್ರೆ ಇಡೀ ಮೆಷೀನ್ ಅವರ ಕೈಗೆ ಹೋಗಬಹುದು.

ನನ್ನ ಮೊದಲ ಪರಿಹಾರ ಏನು ಗೊತ್ತಾ? ಫ್ರೀ ಮಾಡೋ ಮುಂಚೆ 100 ಮಿಲಿಸೆಕೆಂಡ್ ನಿದ್ದೆ. ಅಷ್ಟೊತ್ತಿಗೆ ಬಡಿಸೋರು ದಾಟಿ ಹೋಗಿರ್ತಾರೆ ಅನ್ನೋ ನಂಬಿಕೆ. ಡೈಕ್‌ಸ್ಟ್ರಾ ಯಾವುದನ್ನ ಊಹಿಸಬಾರದು ಅಂದಿದ್ರೋ ಅದನ್ನೇ ಊಹಿಸಿದ್ದೆ. ಡೆಮೋದಲ್ಲಿ ಪಾಸಾಗಿದ್ದು ಈ ನಿದ್ದೆಯಿಂದ.

ಐದು ಟೇಪ್ ಡ್ರೈವ್‌ಗಳು

ಐಂಡ್‌ಹೋವನ್‌ನಲ್ಲಿ ಡೈಕ್‌ಸ್ಟ್ರಾ ಮತ್ತು ಅವರ ಸಣ್ಣ ತಂಡ ಎಕ್ಸ್8 ಅನ್ನೋ ಯಂತ್ರಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್ ಕಟ್ಟಿತು. ಕಾಲೇಜಿನ ಡಚ್ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಟಿಎಚ್‌ಇ ಅನ್ನೋ ಹೆಸರು ಬಂತು. 1968ರಲ್ಲಿ ಅದರ ಬಗ್ಗೆ ಅವರು ಬರೆದ ಲೇಖನ ಇವತ್ತಿಗೂ ಓಎಸ್ ಪುಸ್ತಕಗಳಲ್ಲಿ ಬರುತ್ತೆ. ಅದರ ವಿಶೇಷ ಅಂದ್ರೆ ಪದರಗಳು. ಎಲ್ಲಕ್ಕಿಂತ ಕೆಳಗಿನ ಪದರ ಪ್ರೊಸೆಸರನ್ನ ಹಂಚುತ್ತೆ, ಕ್ಲಾಕ್ ಇಂಟರಪ್ಟನ್ನ ನೋಡಿಕೊಳ್ಳುತ್ತೆ. ಅದರ ಮೇಲಿರೋ ಯಾರಿಗೂ ಆ ಇಂಟರಪ್ಟ್ ಕಾಣೋದೇ ಇಲ್ಲ, ಪ್ರೊಸೆಸರ್ ಎಷ್ಟಿವೆ ಅನ್ನೋ ಚಿಂತೆಯೂ ಇಲ್ಲ. ಅದರ ಮೇಲೆ ಮೆಮೊರಿ, ಆಮೇಲೆ ಕನ್ಸೋಲ್, ಆಮೇಲೆ ಇನ್‌ಪುಟ್ ಔಟ್‌ಪುಟ್, ಕೊನೆಗೆ ಬಳಸೋರ ಪ್ರೋಗ್ರಾಮ್. ಹತ್ತು ವರ್ಷ ಮುಂಚೆ ಗಾಬರಿ ಹುಟ್ಟಿಸಿದ್ದ ಇಂಟರಪ್ಟನ್ನ ಅವರು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರು. ಒಂದೊಂದು ಪದರವನ್ನೂ ತರ್ಕದಿಂದ ಒಪ್ಪಿಸಿಕೊಂಡು, ಆಮೇಲೆ ಪರೀಕ್ಷಿಸಿ, ಅದರ ಮೇಲೆ ಇನ್ನೊಂದು ಕಟ್ಟಿದ್ದರಿಂದ ಪರೀಕ್ಷೆಯಲ್ಲಿ ಸಿಕ್ಕಿದ್ದು ಚಿಕ್ಕಪುಟ್ಟ ಕೋಡಿಂಗ್ ತಪ್ಪುಗಳು ಮಾತ್ರ ಅಂತ ತಮ್ಮ ಲೇಖನದಲ್ಲಿ ದಾಖಲಿಸಿದರು.

ಲಾಕ್ ಇದ್ದಲ್ಲಿ ಇನ್ನೊಂದು ಕಾಯಿಲೆ ಬರುತ್ತೆ ಅನ್ನೋದನ್ನೂ ಅವರು ಆಗಲೇ ಕಂಡಿದ್ದರು. ಇವನು ಅವನಿಗಾಗಿ ಕಾಯ್ತಾನೆ, ಅವನು ಇವನಿಗಾಗಿ ಕಾಯ್ತಾನೆ, ಇಬ್ಬರೂ ಅಲ್ಲೇ ಕಲ್ಲಾಗ್ತಾರೆ. ನಾವು ಡೆಡ್‌ಲಾಕ್ ಅಂತೀವಿ. 1965ರಲ್ಲಿ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಅವರು ಕೊಟ್ಟ ಒಂದು ಲೆಕ್ಕದಲ್ಲಿ ಐದು ಕಂಪ್ಯೂಟರ್‌ಗಳು ಐದು ಟೇಪ್ ಡ್ರೈವ್‌ಗಳಿಗಾಗಿ ಪೈಪೋಟಿ ಮಾಡ್ತಿದ್ದವು. ಆಮೇಲೆ ಟೋನಿ ಹೋರ್ ಅದಕ್ಕೆ ಊಟದ ಮೇಜಿನ ರೂಪ ಕೊಟ್ಟರು. ನಮ್ಮ ಓಎಸ್ ಪೇಪರ್‌ಗೆ ಬರೋ ಡೈನಿಂಗ್ ಫಿಲಾಸಫರ್ಸ್ ಪ್ರಶ್ನೆ ಹುಟ್ಟಿದ್ದು ಹೀಗೆ. ಬ್ಯಾಂಕರ್ಸ್ ಅಲ್ಗಾರಿದಮ್ ಕೂಡ ಇವರದ್ದೇ. ಅಂದ್ರೆ ನಮ್ಮ ಇಂಟರ್ನಲ್ಸ್‌ನ ಅರ್ಧ ಕಷ್ಟಕ್ಕೆ ಇವರೊಬ್ಬರೇ ಕಾರಣ!

ನನ್ನ ಎರಡನೇ ಪರಿಹಾರ ಸತ್ತಿದ್ದು ಇಲ್ಲೇ. ನಿದ್ದೆ ತೆಗೆದು ಮ್ಯೂಟೆಕ್ಸ್ ಹಾಕಿದೆ. ತೆಗೆಯೋ ಫಂಕ್ಷನ್‌ನಲ್ಲಿ ಮ್ಯೂಟೆಕ್ಸ್ ಹಿಡಿದು, ಬಾಕಿ ಇರೋ ಕೆಲಸ ಮುಗಿಯೋವರೆಗೂ ಕಾಯೋ ಫಂಕ್ಷನನ್ನ ಕರೆದೆ. ಆ ಬಾಕಿ ಕೆಲಸದ ಒಳಗೂ ಅದೇ ಮ್ಯೂಟೆಕ್ಸ್ ಬೇಕಿತ್ತು. ನಾನು ಅದು ಮುಗೀಲಿ ಅಂತ ಕಾಯ್ತಿದ್ದೆ, ಅದು ನಾನು ಬಿಡ್ಲಿ ಅಂತ ಕಾಯ್ತಿತ್ತು. ಕ್ರ್ಯಾಶ್ ಹೋಗಿ ಹ್ಯಾಂಗ್ ಬಂತು.

ಟಿಎಚ್‌ಇ ಮುಗಿದ ಮೇಲಿನ ದಿನಗಳು ಡೈಕ್‌ಸ್ಟ್ರಾಗೆ ಸುಲಭವಾಗಿರಲಿಲ್ಲ. ಅವರ ವಿಭಾಗದ ಗಣಿತಜ್ಞರಿಗೆ ಈ ಕೆಲಸದ ಬೆಲೆ ಕಾಣಲಿಲ್ಲ, ತಂಡ ಚದುರಿಹೋಯ್ತು. ಅವರು ಖಿನ್ನತೆಗೆ ಜಾರಿದರು. ಅದರಿಂದ ಹೊರಬರೋ ಪ್ರಯತ್ನದಲ್ಲೇ ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್ ಬಗ್ಗೆ ತಮ್ಮ ಟಿಪ್ಪಣಿಗಳನ್ನ ಬರೆದರು. ಮುಂದೆ ಇಡೀ ಜಗತ್ತು ಪ್ರೋಗ್ರಾಮ್ ಬರೆಯೋ ರೀತಿಯನ್ನ ಬದಲಿಸಿದ ಬರಹಗಳಲ್ಲಿ ಅದೂ ಒಂದು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಆ ವೇದಿಕೆಯಲ್ಲಿ ಅವರು ಮಾತಾಡಿದ್ದು ಮುಖ್ಯವಾಗಿ ವಿನಯದ ಬಗ್ಗೆ. ಮನುಷ್ಯನ ತಲೆಗೆ ಒಂದು ಅಳತೆ ಇದೆ, ಆ ಅಳತೆಗೆ ಮೀರಿದ ಜಟಿಲತೆಯನ್ನ ಜಾಣತನದಿಂದ ಗೆಲ್ತೀನಿ ಅಂತ ಹೊರಡಬಾರದು ಅನ್ನೋದು ಅವರ ನಿಲುವು.

ಅವರೂ ತಪ್ಪಿದ ಜಾಗ

1973ರಿಂದ ಬರೋಸ್ ಕಂಪನಿಯ ರಿಸರ್ಚ್ ಫೆಲೋ ಆಗಿ, ನ್ಯೂನೆನ್ ಅನ್ನೋ ಊರಿನ ತಮ್ಮ ಮನೆಯಿಂದಲೇ ಕೆಲಸ ಮಾಡಿದರು. ಐಂಡ್‌ಹೋವನ್‌ನಲ್ಲಿ ವಾರಕ್ಕೊಂದು ದಿನ ಮಾತ್ರ ಉಳಿಯಿತು, ಮಂಗಳವಾರ ಮಧ್ಯಾಹ್ನದ ಓದುಗೂಟ. ಫೌಂಟನ್ ಪೆನ್ನಿನಲ್ಲಿ ಅಚ್ಚುಕಟ್ಟಾಗಿ ಬರೆದ ಟಿಪ್ಪಣಿಗಳಿಗೆ ತಮ್ಮ ಹೆಸರಿನ ಮೊದಲಕ್ಷರಗಳಿಂದ ಇಡಬ್ಲ್ಯೂಡಿ ಅಂತ ನಂಬರ್ ಹಾಕಿ ಗೆಳೆಯರಿಗೆ ಅಂಚೆಯಲ್ಲಿ ಕಳಿಸ್ತಿದ್ದರು. ಅವರು ಕಾಪಿ ಮಾಡಿ ಇನ್ನೊಬ್ಬರಿಗೆ ಕೊಡೋರು. ಜೀವನದ ಕೊನೆಗೆ ಅವುಗಳ ಸಂಖ್ಯೆ 1,300 ದಾಟಿತ್ತು.

ಆ ವರ್ಷಗಳ ಒಂದು ಕೆಲಸ ನನ್ನ ತಪ್ಪಿಗೆ ತೀರಾ ಹತ್ತಿರದ್ದು. ಲ್ಯಾಂಪೋರ್ಟ್, ಸ್ಕೋಲ್ಟನ್ ಮತ್ತಿಬ್ಬರ ಜೊತೆ ಸೇರಿ 1978ರಲ್ಲಿ ಪ್ರಕಟಿಸಿದ ಗಾರ್ಬೇಜ್ ಕಲೆಕ್ಟರ್ ಅದು. ಪ್ರೋಗ್ರಾಮ್ ಓಡ್ತಾ ಇರುವಾಗಲೇ, ಅದನ್ನ ನಿಲ್ಲಿಸದೆ, ಬಳಕೆಯಲ್ಲಿ ಇಲ್ಲದ ಮೆಮೊರಿಯನ್ನ ಇನ್ನೊಂದು ಪ್ರೊಸೆಸರ್ ಹುಡುಕಿ ವಾಪಸ್ ತಗೋಬೇಕು. ಅಂದ್ರೆ ಪಂಕ್ತಿಯಲ್ಲಿ ಬಡಿಸೋದು ನಡೀತಿರುವಾಗಲೇ ಎಲೆ ಎತ್ತೋದು, ಆದ್ರೆ ಊಟ ಮಾಡ್ತಿರೋರ ಎಲೆ ಮಾತ್ರ ಯಾವ ಕಾರಣಕ್ಕೂ ಎತ್ತಬಾರದು. ಪ್ರತಿ ತುಣುಕಿಗೂ ಬಿಳಿ, ಬೂದು, ಕಪ್ಪು ಅಂತ ಮೂರು ಬಣ್ಣ ಕೊಟ್ಟು ಅದನ್ನ ಸಾಧಿಸಿದರು. ಇವತ್ತಿನ ಗೋ ಭಾಷೆಯ ಕಲೆಕ್ಟರ್‌ನಲ್ಲೂ ಅದೇ ಮೂರು ಬಣ್ಣದ ಯೋಚನೆ ಇದೆ.

ಆದ್ರೆ ಅದು ಒಂದೇ ಸಲಕ್ಕೆ ಸರಿ ಬರಲಿಲ್ಲ. ಇಷ್ಟು ಎಚ್ಚರದ ಜನ ಸೇರಿ ಬರೆದ ಹಿಂದಿನ ರೂಪವೊಂದರಲ್ಲಿ ತಪ್ಪು ಉಳಿದಿತ್ತು, ಪ್ರಕಟವಾಗೋ ಮುಂಚೆ ಅದು ಬೇರೆಯವರ ಕಣ್ಣಿಗೆ ಬಿತ್ತು. ಪುಟ್ಟಪುಟ್ಟ ಹೆಜ್ಜೆಗಳ ನಡುವಿನ ಸಂದಿಯಲ್ಲಿ ಇನ್ನೊಬ್ಬರು ನುಗ್ಗಬಹುದಾದ ರೀತಿಗಳೆಲ್ಲ ಲೆಕ್ಕಕ್ಕೆ ಬಂದಿರಲಿಲ್ಲ. ಇದನ್ನ ಅವರು ಮುಚ್ಚಿಡಲಿಲ್ಲ. ಇಂಥ ಕಡೆ ನಮ್ಮ ಅಂದಾಜನ್ನ ಎಷ್ಟು ಕಡಿಮೆ ನಂಬಬೇಕು ಅನ್ನೋದಕ್ಕೆ ಅದನ್ನೇ ಪಾಠ ಮಾಡಿಕೊಂಡರು. ಇದನ್ನ ಓದಿದ ಮೇಲೆ ನನಗೆ ಸ್ವಲ್ಪ ಸಮಾಧಾನ ಆಯ್ತು, ಸ್ವಲ್ಪ ನಾಚಿಕೆಯೂ ಆಯ್ತು.

ಡೈಕ್‌ಸ್ಟ್ರಾ ಎಲ್ಲರಿಗೂ ಇಷ್ಟವಾಗೋ ಮನುಷ್ಯ ಆಗಿರಲಿಲ್ಲ. ನಾಲಿಗೆ ಹರಿತ. ಬೇರೆಯವರ ಭಾಷೆ, ಯಂತ್ರಗಳ ಬಗ್ಗೆ ಕಟುವಾಗಿ ಬರೆದರು. ಪ್ರೋಗ್ರಾಮನ್ನ ಗಣಿತದ ಹಾಗೆ ಸಾಧಿಸಿ ಬರೀಬೇಕು ಅನ್ನೋ ಅವರ ಹಟ ದೊಡ್ಡ ಸಾಫ್ಟ್‌ವೇರ್‌ಗೆ ನಡೆಯಲ್ಲ ಅಂತ ಹೇಳಿದವರು ಬಹಳ. ಅದರಲ್ಲೂ ನಿಜ ಇದೆ. ಲಿನಕ್ಸ್ ಕರ್ನಲ್ ಮೂರು ಕೋಟಿ ಸಾಲುಗಳನ್ನ ದಾಟಿದೆ, ಅದರಲ್ಲಿ ದೊಡ್ಡ ಪಾಲು ಡ್ರೈವರ್‌ಗಳದ್ದು. ಅದನ್ನೆಲ್ಲ ಯಾರೂ ಪೆನ್ನು ಹಿಡಿದು ಸಾಧಿಸಿಲ್ಲ. ಅದಕ್ಕೇ ಅಲ್ಲಿ ಕೆಎಎಸ್ಎಎನ್ ಥರದ ಸಾಧನಗಳಿವೆ, ಫ್ರೀ ಆದ ಮೆಮೊರಿಯನ್ನ ಯಾರಾದ್ರೂ ಮುಟ್ಟಿದ ಕ್ಷಣ ಕೂಗುತ್ತೆ. ಲಾಕ್‌ಡೆಪ್ ಅನ್ನೋದು ಲಾಕ್‌ಗಳ ಕ್ರಮ ನೋಡಿ ಡೆಡ್‌ಲಾಕ್ ಆಗೋ ಮುಂಚೆಯೇ ಎಚ್ಚರಿಸುತ್ತೆ. 2022ರ ಕೊನೆಗೆ ಬಂದ 6.1 ಆವೃತ್ತಿಯಿಂದ ಕರ್ನಲ್‌ಗೆ ರಸ್ಟ್ ಭಾಷೆಯೂ ಬಂದಿದೆ. ಆದ್ರೆ ಕೆಎಎಸ್ಎಎನ್ ಕೂಗೋದು ಆ ಓಟದಲ್ಲಿ ತಪ್ಪು ನಿಜವಾಗಿ ನಡೆದ್ರೆ ಮಾತ್ರ. ರಸ್ಟ್ ಕೂಡ ಡೆಡ್‌ಲಾಕನ್ನ ತಡೆಯಲ್ಲ. ಕ್ರಮವನ್ನ ಯೋಚಿಸೋ ಕೆಲಸ ಇನ್ನೂ ನಮ್ಮ ಹತ್ತಿರವೇ ಇದೆ.

1984ರಲ್ಲಿ ಅವರು ಅಮೆರಿಕದ ಆಸ್ಟಿನ್‌ಗೆ, ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಹೋದರು. ಕಂಪ್ಯೂಟರ್ ಸೈನ್ಸಿನ ಇಷ್ಟು ದೊಡ್ಡ ಮನುಷ್ಯ ಬಹಳ ಕಾಲ ಸ್ವಂತ ಕಂಪ್ಯೂಟರ್ ಇಟ್ಟುಕೊಂಡಿರಲಿಲ್ಲ, ಬೋರ್ಡು ಮತ್ತು ಸೀಮೆಸುಣ್ಣದಲ್ಲೇ ಪಾಠ. ರಜೆ ಬಂದ್ರೆ ರಿಯಾ ಜೊತೆ ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ ರಾಷ್ಟ್ರೀಯ ಉದ್ಯಾನಗಳ ಸುತ್ತಾಟ. ಟ್ಯೂರಿಂಗ್ ಹೆಸರನ್ನ ತಮಾಷೆಗೆ ತಿರುಚಿ ಆ ವ್ಯಾನಿಗೆ ಟೂರಿಂಗ್ ಮೆಷೀನ್ ಅಂತ ಕರೀತಿದ್ದರು. 1999ರಲ್ಲಿ ನಿವೃತ್ತರಾದರು. ಕ್ಯಾನ್ಸರ್ ಬಂದಾಗ ನ್ಯೂನೆನ್‌ಗೆ ಮರಳಿದರು. 2002ರ ಆಗಸ್ಟ್ 6ರಂದು ಅಲ್ಲೇ ತೀರಿಕೊಂಡರು, 72ನೇ ವಯಸ್ಸಿನಲ್ಲಿ. ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್‌ನ ಒಂದು ದೊಡ್ಡ ಪ್ರಶಸ್ತಿ 2003ರಿಂದ ಅವರ ಹೆಸರಲ್ಲಿದೆ.

ನನ್ನ ಡ್ರೈವರ್ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ಮೂರನೇ ಸಲ ಲ್ಯಾಪ್‌ಟಾಪ್ ಮುಚ್ಚಿ ಒಂದು ಹಾಳೆ ತಗೊಂಡೆ. ಈ ಮೆಮೊರಿಯನ್ನ ಯಾರ್ಯಾರು ಮುಟ್ತಾರೆ, ಯಾರು ಯಾರನ್ನ ಎಬ್ಬಿಸ್ತಾರೆ ಅಂತ ಬಾಣ ಹಾಕಿದೆ. ಇಂಟರಪ್ಟ್ ಟೈಮರನ್ನ ಎಬ್ಬಿಸುತ್ತೆ. ಟೈಮರ್ ವರ್ಕನ್ನ ಎಬ್ಬಿಸುತ್ತೆ. ವರ್ಕ್ ಮುಗಿದ ಮೇಲೆ ಮತ್ತೆ ಟೈಮರನ್ನ ಎಬ್ಬಿಸುತ್ತೆ. ಚಿತ್ರ ನೋಡಿದ ಕೂಡಲೇ ಗೊತ್ತಾಯ್ತು, ಮೊದಲು ವರ್ಕ್ ನಿಲ್ಲಿಸಿ ಆಮೇಲೆ ಟೈಮರ್ ನಿಲ್ಲಿಸಿದ್ರೆ ನಡುವಿನ ಸಂದಿಯಲ್ಲಿ ಟೈಮರ್ ಮತ್ತೆ ವರ್ಕನ್ನ ಎಬ್ಬಿಸುತ್ತೆ. ಹಾಗಾಗಿ ಕ್ರಮ ಹೀಗಾಯ್ತು. ಮೊದಲು ನೆಟ್‌ವರ್ಕ್ ಪದರದಿಂದ ಹೊಸ ಪ್ಯಾಕೆಟ್ ಬರದ ಹಾಗೆ ಡಿವೈಸನ್ನ ಬಿಡಿಸೋದು. ಕಾರ್ಡಿನ ಇಂಟರಪ್ಟ್ ಬಂದ್ ಮಾಡಿ, ಓಡ್ತಿರೋ ಹ್ಯಾಂಡ್ಲರ್ ಮುಗಿಯೋವರೆಗೂ ಕಾಯೋದು. ಆಮೇಲೆ ಟೈಮರ್. ಮತ್ತೆ ಯಾರು ಎಬ್ಬಿಸಿದ್ರೂ ಏಳದ ಹಾಗೆ ಟೈಮರನ್ನ ಪೂರ್ತಿ ಮುಚ್ಚೋ ಫಂಕ್ಷನ್ ಈಗ ಕರ್ನಲ್‌ನಲ್ಲೇ ಇದೆ. ಆಮೇಲೆ ವರ್ಕ್, ಅದೂ ಯಾವ ಮ್ಯೂಟೆಕ್ಸನ್ನೂ ಕೈಯಲ್ಲಿ ಹಿಡಿಯದೆ. ಎಲ್ಲ ಮುಗಿದು ಬಡಿಸೋರು ಯಾರೂ ಪಂಕ್ತಿಯಲ್ಲಿ ಇಲ್ಲ ಅಂತಾದ ಮೇಲೆ ಮಾತ್ರ ಫ್ರೀ. ಒಂದೊಂದು ಹೆಜ್ಜೆಗೂ, ಇದಾದ ಮೇಲೆ ಯಾರು ಬರೋಕೆ ಸಾಧ್ಯವೇ ಇಲ್ಲ ಅಂತ ಪಕ್ಕದಲ್ಲಿ ಒಂದು ಸಾಲು ಬರೆದೆ. 100 ಮಿಲಿಸೆಕೆಂಡಿನ ನಿದ್ದೆ ಅಳಿಸಿದೆ.

ಆ ಹಾಳೆ ತಗೊಂಡು ಮೇಡಂ ಹತ್ತಿರ ಹೋಗಿ ಡೆಮೋ ದಿನದ ವಿಷಯ ಹೇಳಿದೆ. ಬೈಸಿಕೊಳ್ಳೋಕೆ ತಯಾರಾಗೇ ಹೋಗಿದ್ದೆ. ಅವರು ಹಾಳೆಯನ್ನ ಎರಡು ಸಲ ಓದಿ, ಲೋಡ್ ಮಾಡೋವಾಗ ಮಧ್ಯದಲ್ಲಿ ಎಲ್ಲೋ ಫೇಲಾದ್ರೆ ಏನಾಗುತ್ತೆ ಅಂತ ಕೇಳಿದರು. ಅದನ್ನ ನಾನು ಯೋಚಿಸಿರಲಿಲ್ಲ. ಈಗ ಎರಡನೇ ಹಾಳೆ ಬರೀತಿದ್ದೀನಿ.